ಕಾಣದ ಅಕ್ಷರ: ಬಳಕೆದಾರರ ಕೈಪಿಡಿ

ಡಬ್ಬಿ ಬಿಚ್ಚಿದಾಗ ಒಳಗೆ ಏನೂ ಕಾಣದಿದ್ದರೆ ಗಾಬರಿ ಬೇಡ, ಅಂಗಡಿಯವನ ಜೊತೆ ಜಗಳವೂ ಬೇಡ. ಸರಕು ಸರಿಯಾಗಿಯೇ ತಲುಪಿದೆ. ಇದರ ಹೆಸರು ಝೀರೋ ವಿಡ್ತ್ ನಾನ್ ಜಾಯ್ನರ್. ರೂಪವಿಲ್ಲ, ಉಚ್ಚಾರವಿಲ್ಲ, ಅಗಲ ಸೊನ್ನೆ. ಯೂನಿಕೋಡ್‌ನಲ್ಲಿ ನಂಬರ್ ಮಾತ್ರ ಖಚಿತವಾಗಿದೆ: 200ಸಿ. ಕನ್ನಡಕ್ಕೆಂದು ಮೀಸಲಿಟ್ಟ 128 ಸ್ಥಾನಗಳಲ್ಲಿ ಇದನ್ನು ಹುಡುಕಬೇಡಿ. ಇದು ಎಲ್ಲ ಭಾಷೆಗಳಿಗೂ ಸೇರಿದ ಚಿಹ್ನೆಗಳ ಗುಂಪಿನಲ್ಲಿದೆ. ಪರ್ಷಿಯನ್ ಬರೆಯುವವರೂ ಇದನ್ನೇ ಒತ್ತುತ್ತಾರೆ.

ಯಾವಾಗ ಬಳಸಬೇಕು

ಒತ್ತಕ್ಷರಗಳಿಗೆ ಯೂನಿಕೋಡ್ ಬೇರೆ ಸಂಕೇತ ಕೊಟ್ಟಿಲ್ಲ. ಕ, ಹಲಂತದ ಗುರುತು, ಮತ್ತೊಂದು ಕ, ಇಷ್ಟನ್ನು ಸಾಲಾಗಿ ಕೊಟ್ಟರೆ ಫಾಂಟ್ ತಾನೇ ಒತ್ತು ಹಾಕಿಕೊಳ್ಳುತ್ತದೆ. ‘ಅಕ್ಕ’ ಎಂದು ಬರೆಯುವವರೆಗೆ ಎಲ್ಲ ಸುಖ. ವರನಟರ ಹೆಸರು ಬರೆಯಲು ಕೂತಾಗ ಫಜೀತಿ ಶುರು: ಫಾಂಟ್ ಅದೇ ಉತ್ಸಾಹದಲ್ಲಿ ‘ರಾಜ್ಕುಮಾರ್’ ಮಾಡಿಬಿಡುತ್ತದೆ. ಆಗ ಜ್ ಮತ್ತು ಕು ನಡುವೆ ನಮ್ಮ ಸರಕನ್ನು ಅಂತರಪಟದಂತೆ ಹಿಡಿಯಬೇಕು. ‘ರಾಜ್‌ಕುಮಾರ್’ ಸಿದ್ಧ. ‘ಕುಮಾರ್‌ಗೆ’ ಎಂಬಲ್ಲಿಯೂ ಇದು ಬೇಕು, ಇಲ್ಲದಿದ್ದರೆ ಅರ್ಕಾವತ್ತು ಬಂದು ‘ಕುಮಾರ್ಗೆ’ ಆಗುತ್ತದೆ. ಇಂಗ್ಲಿಷ್ ಪದಗಳಿಗೆ ಕನ್ನಡದ ವಿಭಕ್ತಿ ಅಂಟಿಸುವ ಚಾಳಿ ನಮಗೆ ಇರುವಷ್ಟು ದಿನ ಈ ಸರಕಿಗೆ ಬೇಡಿಕೆ ತಗ್ಗುವುದಿಲ್ಲ.

ಹಳೆಯ ನುಡಿ, ಬರಹ ಫಾಂಟುಗಳ ಕಾಲದಲ್ಲಿ ಇದರ ಹಂಗೇ ಇರಲಿಲ್ಲ. ಜ್ ಒಂದು ತುಣುಕು, ಕ ಇನ್ನೊಂದು. ಪಕ್ಕಪಕ್ಕ ಇಟ್ಟರೆ ಮುಗಿಯಿತು. ಆ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸುವಾಗ ಪರಿವರ್ತಕ ಇದನ್ನು ಸೇರಿಸದೆ ಬಿಟ್ಟರೆ ‘ಸಾಫ್ಟ್‌ವೇರ್’ಗಳೆಲ್ಲ ‘ಸಾಫ್ಟ್ವೇರ್’ ಆಗಿ ಹೊರಬೀಳುತ್ತವೆ.

ಒತ್ತುವ ಕ್ರಮ

ವರ್ಡ್‌ನಲ್ಲಿ ಕೀಲಿಮಣೆಯನ್ನು ಇಂಗ್ಲಿಷಿಗೆ ಬದಲಿಸಿ, 200 ಮತ್ತು ಇಂಗ್ಲಿಷಿನ ಸಿ ಹೊಡೆದು, ಆಲ್ಟ್ ಹಿಡಿದು ಎಕ್ಸ್ ಒತ್ತಿ. ನೀವು ಹೊಡೆದದ್ದು ಮಾಯವಾದರೆ ಕೆಲಸ ಆಯಿತೆಂದು ತಿಳಿಯಿರಿ. ಲಿನಕ್ಸ್‌ನ ಹಲವು ಕಡೆ ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ, ಅದೇ ಸಂಖ್ಯೆ ಹೊಡೆದು ಎಂಟರ್ ಒತ್ತಬೇಕು.

ಇದರ ಅಣ್ಣತಮ್ಮ 200ಡಿ, ಅಂದರೆ ಜಾಯ್ನರ್. ಅರ್ಕಾವತ್ತು ಬೇಡ, ‘ರ‍್ಯಾಲಿ’ ಎಂದು ರ ಕೆಳಗೇ ಯ ಒತ್ತು ಬರಬೇಕು ಎನ್ನುವವರಿಗೆ ಇದು. ಜಾಗ ಮಾತ್ರ ನೆನಪಿರಲಿ: ನಾನ್ ಜಾಯ್ನರ್ ಹಲಂತದ ನಂತರ, ರ ವಿಷಯದಲ್ಲಿ ಜಾಯ್ನರ್ ಹಲಂತಕ್ಕೆ ಮೊದಲು. ಯಾಕೆ ಹೀಗೆ ಎಂದು ಕೇಳುವ ಗ್ರಾಹಕರಿಗೆ ಈ ಕೈಪಿಡಿಯಲ್ಲಿ ಪುಟ ಮೀಸಲಿಟ್ಟಿಲ್ಲ.

ತೊಂದರೆಗಳು

ಬ್ಯಾಕ್‌ಸ್ಪೇಸ್ ಒತ್ತಿದಿರಿ, ಪರದೆಯ ಮೇಲೆ ಏನೂ ಬದಲಾಗಲಿಲ್ಲವೇ? ಕೀಲಿ ಕೆಟ್ಟಿಲ್ಲ; ಅಳಿಸಿದ್ದು ಈ ಕಾಣದ ಅಕ್ಷರವನ್ನೇ. ಕಾಣದಿದ್ದರೂ ಲೆಕ್ಕಕ್ಕೆ ಬರುತ್ತದೆ: ಕನ್ನಡದ 70 ಅಕ್ಷರಗಳ ಎಸ್‌ಎಂಎಸ್‌ನಲ್ಲಿ ಒಂದು ಸ್ಥಾನ ತಿನ್ನುತ್ತದೆ, ಯುಟಿಎಫ್-8ರಲ್ಲಿ ಯಾವ ಕನ್ನಡ ಅಕ್ಷರಕ್ಕೂ ಕಡಿಮೆಯಿಲ್ಲದಂತೆ 3 ಬೈಟ್ ಆಕ್ರಮಿಸುತ್ತದೆ.

ದೊಡ್ಡ ದೂರು ಹುಡುಕಾಟದ್ದು. ಪದದ ಕೊನೆಯ ಹಲಂತಕ್ಕೆ ಇದರ ಅಗತ್ಯವೇ ಇಲ್ಲ, ಆದರೂ ಕೆಲವು ಬರಹಗಳಲ್ಲಿ ಅಲ್ಲಿಯೂ ಸುಮ್ಮನೆ ಅಂಟಿಕೊಂಡಿರುತ್ತದೆ. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ‘ಕುಮಾರ್’ ಹೀಗೆ ಕಂಪ್ಯೂಟರಿಗೆ ಬೇರೆ ಬೇರೆ ಆಗುತ್ತವೆ. ಪಟ್ಟಿಯಲ್ಲಿ ಹೆಸರು ಕಣ್ಣೆದುರೇ ಇದ್ದರೂ ‘ಸಿಗಲಿಲ್ಲ’ ಎಂಬ ಉತ್ತರ ಬರಬಹುದು. ಇದು ಸರಕಿನ ದೋಷವಲ್ಲ, ಹುಡುಕುವ ತಂತ್ರಾಂಶದ ಸೋಮಾರಿತನ. ಹೋಲಿಸುವ ಮೊದಲು ಈ ಗುರುತನ್ನು ತೆಗೆದುಹಾಕಲು ಒಂದೆರಡು ಸಾಲಿನ ಪ್ರೋಗ್ರಾಂ ಸಾಕು. ಬರೆಯಬಲ್ಲವರು ದಯವಿಟ್ಟು ಬರೆಯಿರಿ. ಅಲ್ಲಿಯವರೆಗೆ ಉಳಿದವರು ಹುಡುಕುವಾಗ ಕೊನೆಯ ಹಲಂತವನ್ನು ಬಿಟ್ಟು ‘ಕುಮಾರ’ ಎಂದಷ್ಟೇ ಹೊಡೆದು ನೋಡಿ.