ಹತ್ಯಾರ ಸಾಹೇಬರು

ಬಾಗಲಕೋಟೆ ಜಿಲ್ಲೆಯಲ್ಲಿ ಊರಿಗೊಬ್ಬ ಹತ್ಯಾರ ಸಾಹೇಬರು ಇದ್ದಾರೆ. ಇಲ್ಲದ ಊರಿದ್ದರೆ ಬರುವ ಮೇ 31ಕ್ಕೆ ಅಲ್ಲೊಬ್ಬರು ನಿವೃತ್ತರಾಗುತ್ತಾರೆ, ಅಲ್ಲಿಯವರೆಗೆ ತಾಳ್ಮೆ ಇರಲಿ. ನೀರಾವರಿ ಇಲಾಖೆಯಲ್ಲೋ ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಸವೆದ ಜೀವ. ನವನಗರದಲ್ಲಿ ಸ್ವಂತ ಮನೆ, ಬೆಂಗಳೂರಿನಲ್ಲಿ ಮಗ, ಪುಣೆಯಲ್ಲಿ ಮಗಳು, ತಿಂಗಳು ತಿಂಗಳು ಪಿಂಚಣಿ. ಈ ಸ್ಥಿತಿಗೆ ಬಂದ ಗಂಡಸರು ಸಾಮಾನ್ಯವಾಗಿ ಪ್ರವಚನಕ್ಕೋ, ಪತ್ತಿನ ಸಂಘದ ಚುನಾವಣೆಗೋ, ಸಕ್ಕರೆ ಕಾಯಿಲೆಯ ಚರ್ಚೆಗೋ ಸಂದುಹೋಗುತ್ತಾರೆ. ನಮ್ಮ ಸಾಹೇಬರಿಗೆ ಹಿಡಿದದ್ದು ಹಳೆಯ ಹತ್ಯಾರಗಳ ಜಂಗು. ಬೆಳಗಾದರೆ ನೆರೆಹೊರೆಯವರು ಉದ್ಯಾನದತ್ತ ಹೊರಟರೆ ಇವರು ಗುಜರಿ ಅಂಗಡಿಗಳ ಸಾಲಿಗೆ ಹೋಗುತ್ತಾರೆ. ಕಿಸೆಯಲ್ಲಿ ತಂತಿ ಬ್ರಶ್ಶು, ಬಗಲಲ್ಲಿ ಕೈಚೀಲ, ಮುಖದಲ್ಲಿ ‘ಸುಮ್ಮನೆ ಬಂದೆ’ ಎಂಬ ಭಾವ. ಕನ್ನಡಕವಿಲ್ಲದೆ ಔಷಧಿ ಚೀಟಿ ಓದಲಾರದ ಈ ಮನುಷ್ಯ, ಸೈಕಲ್ ರಿಮ್ಮು, ಕೂಲರಿನ ತಗಡು, ಸುಟ್ಟ ಮೋಟಾರುಗಳ ರಾಶಿಯಿಂದ ಬೆರಳಗಲ ಇಣುಕುವ ಕಬ್ಬಿಣವನ್ನು ಕಂಡು ಅದು ಮರ ಹೆರೆಯುವ ರಂಧಾದ ಅಲಗೋ ಬಾಗಿಲ ಅಗುಳಿಯೋ ಎಂದು ರಸ್ತೆಯ ಈಚೆಯಿಂದಲೇ ಹೇಳಬಲ್ಲರು. ಚೌಕಾಸಿಗೂ ಒಂದು ವರಸೆಯಿದೆ. ಮೊದಲು ಬೇಡದ ಒಡಕು ಕೊಡವೊಂದನ್ನು ಎತ್ತಿ ರೇಟು ಕೇಳಬೇಕು, ಆಮೇಲೆ ಬೇಕಾದ ಉಳಿಯನ್ನು ಕಾಲಿನಿಂದ ಸರಿಸಿ ‘ಹ್ಞಾಂ, ಇದನ್ನೂ ಒಗಿ’ ಎನ್ನಬೇಕು. ಗುಜರಿಯವನಿಗೆ ಈ ನಾಟಕ ಬಾಯಿಪಾಠ. “ಸಾಹೇಬ್ರ, ನಂದು ಕಿಲೋ ಲೆಕ್ಕ, ಇತಿಹಾಸ ಬ್ಯಾರೆ ತೂಗಂಗಿಲ್ಲ. ಆದ್ರ ನಿಮ್ಮ ಕಣ್ಣು ಹೊಳದ್ವಲ್ಲ, ಅದಕ್ಕ ನೂರು ರೂಪಾಯಿ ಜಾಸ್ತಿ” ಎನ್ನುತ್ತಾನೆ.

ಈ ಸರಕು ಗುಜರಿಗೆ ಬಂದು ಬಿದ್ದದ್ದು ಹೇಗೆಂದು ಕೇಳಿದರೆ ಸಾಹೇಬರ ಬಳಿ ಸಿದ್ಧ ಉತ್ತರವಿದೆ: ‘ನಮ್ಮ ಮಂದಿಗೆ ಹಳೇದರ ಬೆಲಿ ಗೊತ್ತಿಲ್ಲ.’ ಈ ಉತ್ತರದಲ್ಲಿ ಹೆಚ್ಚಿನ ಪಾಲು ಅನ್ಯಾಯವೇ. ಬಾಗಲಕೋಟೆಯ ಮಂದಿ ಹಳೆಯದನ್ನು ಎಸೆದವರಲ್ಲ, ಹಳೆಯದರಿಂದ ಎಬ್ಬಿಸಲ್ಪಟ್ಟವರು. ಆಲಮಟ್ಟಿಯ ಹಿನ್ನೀರು ಘಟಪ್ರಭಾ ದಂಡೆಯ ಹಳೆ ಊರಿಗೆ ಬಂದಾಗ ಮಾಳಿಗೆ ಮನೆಗಳ ತೊಲೆ, ಜಂತಿ, ಕಂಬ, ಚೌಕಟ್ಟುಗಳನ್ನು ಬಿಚ್ಚಿ ಹೇರಿಕೊಂಡು ನವನಗರದ ಯುನಿಟ್ಟುಗಳಿಗೆ ಬಂದರು. ಹೊಸ ಮನೆಗೆ ಆರ್‌ಸಿಸಿ ಚಾವಣಿ ಬಿತ್ತು, ಜಂತಿಗೆ ಜಾಗ ಸಿಗಲಿಲ್ಲ. ಜಂತಿಯ ಜೊತೆಗೆ ಅದನ್ನು ಕೆತ್ತುವ ಬಾಚಿಯೂ ಕೆಲಸ ಕಳೆದುಕೊಂಡಿತು. ಹಳ್ಳಿಗಳಲ್ಲಿ ಮುಳುಗಡೆಯ ನೀರೂ ಬೇಕಾಗಲಿಲ್ಲ. ಹುನಗುಂದದ ಎರೆಹೊಲಕ್ಕೆ ಟ್ರ್ಯಾಕ್ಟರ್ ಇಳಿದ ಮೇಲೆ ಕೂರಿಗೆ, ಕುಂಟೆ, ಚಕ್ಕಡಿ ಮಾಡಿಸುವವರು ಕಡಿಮೆಯಾದರು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಜೋಳ ತರುತ್ತಿದ್ದ ಬಡಿಗೇರರ ಮನೆಯ ಹುಡುಗ ಅಲ್ಯೂಮಿನಿಯಂ ಕಿಟಕಿ ಕೂರಿಸಲು ಕಲಿತ. ಹತ್ಯಾರಗಳ ಪೆಟ್ಟಿಗೆ ಅಟ್ಟಕ್ಕೆ ಹೋಯಿತು, ಹಿಡಿಯನ್ನು ಗೆದ್ದಲು ತಿಂದಿತು, ಕಬ್ಬಿಣ ಗುಜರಿಗೆ ಇಳಿಯಿತು. ಕೆಲಸ ಮೊದಲು ಸತ್ತಿತು, ಹತ್ಯಾರಕ್ಕೆ ಜಂಗು ಹಿಡಿದದ್ದು ಆಮೇಲೆ. ಈ ಕ್ರಮ ಸಾಹೇಬರಿಗೆ ಹೊಳೆಯುವುದಿಲ್ಲ. ಆಲಮಟ್ಟಿಯ ನೀರನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಬಂದಾಗ ಜಿಲ್ಲೆಯೆಲ್ಲ ಪರಿಹಾರದ ಲೆಕ್ಕ ಹಾಕುತ್ತದೆ. ಸಾಹೇಬರ ಮನಸ್ಸು ಒಂದು ಗಳಿಗೆ ಮುಳುಗಲಿರುವ ಅಟ್ಟಗಳ ಕಡೆ ಹೋಗಿ, ನಾಚಿ ಹಿಂದೆ ಬರುತ್ತದೆ.

ಊರವರು ಸಾಹೇಬರನ್ನು ನೋಡಿ ನಗುವುದು ದುಡ್ಡಿನ ವಿಷಯಕ್ಕೆ. ಇನ್ನೂರು ರೂಪಾಯಿಯ ಕಬ್ಬಿಣಕ್ಕೆ ಎರಡು ಸಾವಿರದ ಉಪಚಾರ ಎಂದು. ನನ್ನ ವಾದವೇನೆಂದರೆ, ನಗು ಸರಿಯಾಗಿದೆ, ನಗುವ ಜಾಗ ತಪ್ಪಾಗಿದೆ. ಉಪಚಾರದ ಮಟ್ಟಿಗೆ ಸಾಹೇಬರು ನಿಜಕ್ಕೂ ಪಂಡಿತರು. ಸಣ್ಣ ಜಂಗಿಗೆ ಹುಣಸೆ ರಸ ಅಥವಾ ವಿನೆಗರ್ ಸಾಕು, ಆದರೆ ಆಮ್ಲದಿಂದ ಎತ್ತಿದ ಕಬ್ಬಿಣವನ್ನು ಸೋಡಾ ನೀರಿನಲ್ಲಿ ತೊಳೆದು ಒಣಗಿಸಿ ಎಣ್ಣೆ ಸವರದಿದ್ದರೆ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ ಎಂದು ಅವರಿಗೆ ಗೊತ್ತು. ದಪ್ಪ ಜಂಗಿಗೆ ಬಕೆಟ್ಟಿನ ನೀರಿಗೆ ವಾಷಿಂಗ್ ಸೋಡಾ ಕಲಸಿ, 12 ವೋಲ್ಟ್ ಚಾರ್ಜರಿನ ಋಣ ತುದಿಯನ್ನು ಹತ್ಯಾರಕ್ಕೂ ಧನ ತುದಿಯನ್ನು ಬೇಡದ ಕಬ್ಬಿಣದ ತುಂಡಿಗೂ ಕಟ್ಟುತ್ತಾರೆ. ಹೈಡ್ರೋಜನ್ ಏಳುವುದರಿಂದ ಅಂಗಳದಲ್ಲಿಯೇ ಮಾಡಬೇಕು, ಸ್ಟೀಲಿನ ತಟ್ಟೆ ಇಳಿಸಿದರೆ ಕ್ರೋಮಿಯಂ ವಿಷ ನೀರಿಗೆ ಇಳಿಯುತ್ತದೆ ಎಂಬ ಎಚ್ಚರವೂ ಇದೆ. ಅಡುಗೆಮನೆಯಿಂದ ಕಾಣೆಯಾದ ತಟ್ಟೆಯ ಬಗ್ಗೆ ಅವರಿಗೆ ನಿಜವಾಗಿಯೂ ಏನೂ ಗೊತ್ತಿಲ್ಲ. ಹಿಡಿಗೆ ಅಗಸೆ ಎಣ್ಣೆಯನ್ನೇ ಹಚ್ಚುತ್ತಾರೆ, ಏಕೆಂದರೆ ಅದು ಗಾಳಿಗೆ ಗಟ್ಟಿಯಾಗುತ್ತದೆ, ಶೇಂಗಾ ಎಣ್ಣೆ ಅಂಟಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಒಗೆದರೆ ತಾನೇ ಕಾದು ಹೊತ್ತಿಕೊಳ್ಳಬಹುದೆಂದು ಅದನ್ನು ಹಗ್ಗದ ಮೇಲೆ ಹರವುತ್ತಾರೆ. ಎಲ್ಲಕ್ಕಿಂತ ಜಾಣತನದ್ದು ಇಳಕಲ್ಲಿನ ಉಪಾಯ. ರಂಧಾದ ತಳ ಸಪಾಟಾಗಬೇಕಾದರೆ ಅದಕ್ಕಿಂತ ಸಪಾಟಾದ ಇನ್ನೊಂದು ಬೇಕು. ಅಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಮೂಲೆಗೆ ಬಿದ್ದ ಕೆಂಪು ಗ್ರಾನೈಟ್ ತುಂಡು ತಂದು, ಮೇಲೆ ಮರಳು ಕಾಗದ ಅಂಟಿಸಿ ಉಜ್ಜುತ್ತಾರೆ. ದೇಶ ದೇಶಕ್ಕೆ ಹೋಗುವ ಕಲ್ಲು ನಮ್ಮವರ ಹಿತ್ತಲಲ್ಲಿ ಇಷ್ಟು ಒಳ್ಳೆಯ ಕೆಲಸಕ್ಕೆ ಬಂದದ್ದು ಅಪರೂಪ.

ಕೆಡುಕು ಇಲ್ಲಿಂದ ಆಚೆ. ಜಂಗು ಹೋದ ಕಡೆ ಉಕ್ಕಿನ ಬೂದು ಬಣ್ಣ ಕಂಡೊಡನೆ ಸಾಹೇಬರಿಗೆ ಹೊಳಪಿನ ಆಸೆ ಹತ್ತುತ್ತದೆ. ಕೈಗೆ ಗ್ರೈಂಡರ್ ಬರುತ್ತದೆ. ಅಲಗಿನ ತುದಿ ಕಾದು ನೀಲಿಗೆ ತಿರುಗಿದರೆ ಅವರಿಗೆ ಅದು ನವಿಲುಗರಿಯ ಸೊಬಗು. ಕಂಬಾರನಿಗೆ ಅದು ಉಕ್ಕಿನ ಹದ ಹೋದ ಗುರುತು, ಇನ್ನು ಅದು ಹರಿತ ಹಿಡಿಯುವುದಿಲ್ಲ. ಮೂವತ್ತು ವರ್ಷ ಒಂದೇ ಹೆಬ್ಬೆರಳು ಊರಿ ತಗ್ಗಾದ ಹಿಡಿಯನ್ನು ಉಜ್ಜಿ ನುಣುಪು ಮಾಡುತ್ತಾರೆ. ಬಡಿಗೇರ ತನ್ನದೆಂದು ಉಳಿಯ ಮೇಲೆ ಕೊರೆದುಕೊಂಡ ಅಕ್ಷರ ಆ ಭರದಲ್ಲಿ ಅಳಿದುಹೋಗುತ್ತದೆ. ಆದರೆ ಅಮೆರಿಕದ ಸ್ಟ್ಯಾನ್ಲಿ ಕಂಪನಿಯ ಹೆಸರಿಗೆ ಕೂದಲಷ್ಟೂ ಗೀರು ಬೀಳಗೊಡುವುದಿಲ್ಲ. ಲಿಯೊನಾರ್ಡ್ ಬೈಲಿಯ ರಂಧಾ ವ್ಯವಹಾರವನ್ನು ಸ್ಟ್ಯಾನ್ಲಿ ಕೊಂಡದ್ದು 1869ರಲ್ಲಿ, ಇಂಗ್ಲೆಂಡಿನ ಶೆಫೀಲ್ಡಿನ ರೆಕಾರ್ಡ್ ಕಂಪನಿ ಅದೇ ಮಾದರಿಯನ್ನು ಮಾಡಹೊರಟದ್ದು 1931ರಲ್ಲಿ ಎಂದು ಕೇಳದವರಿಗೂ ಹೇಳುತ್ತಾರೆ. ತಿರುಪಿನ ಗಾತ್ರ, ಎರಕದ ಮೇಲಿನ ಪೇಟೆಂಟ್ ತಾರೀಕು ನೋಡಿ ರಂಧಾದ ಜಾತಕ ಬರೆಯುತ್ತಾರೆ. ಪಕ್ಕದ ಓಣಿಯ ಕಂಬಾರ ಲಾರಿಯ ಪಾಟಾ ಕಾಸಿ ಬಡಿದ ಉಳಿಗೆ ಮಾತ್ರ ಜಾತಕವಿಲ್ಲ, ಅದಕ್ಕೆ ಷೋಕೇಸಿನಲ್ಲಿ ಕೆಳಗಿನ ಅರೆ. ಊರಿನ ಪರಂಪರೆ ಉಳಿಸಲು ಹೊರಟವರು ಉಳಿಸಿದ್ದು ಶೆಫೀಲ್ಡಿನದು, ಉಜ್ಜಿ ಹಾಕಿದ್ದು ಊರಿನದು.

ಇಷ್ಟಾದರೂ ಕ್ಷಮಿಸಬಹುದಿತ್ತು. ಕ್ಷಮಿಸಲಾಗದ್ದು ಇನ್ನೊಂದು: ಸಾಹೇಬರು ಮರ ಕೊಯ್ಯುವುದಿಲ್ಲ. ಷೋಕೇಸಿನಲ್ಲಿ ಗರಗಸಗಳು ಸಾಲುಗಟ್ಟಿವೆ, ಬೈರಿಗೆ ಇದೆ, ಕೊಡತಿ ಇದೆ, ಗಾಜಿನ ಬಾಗಿಲಿಗೆ ಬೀಗವೂ ಇದೆ. ಆ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಮುಚ್ಚುವುದಿಲ್ಲ. “ಏನ್ರಿ, ಇಷ್ಟ ರಂಧಾ ಅದಾವು, ಒಂದರಾಗ ಈ ಬಾಗಲಾ ಒಂಚೂರು ಕೆರಿಬಾರದೇನು?” ಎಂದು ಮನೆಯವರು ಕೇಳಿದರೆ, “ಅವು ಬಳಸೂವಲ್ಲ” ಎಂಬ ಉತ್ತರ ಬರುತ್ತದೆ. ಕಡೆಗೆ ಬಡಿಗೇರರನ್ನು ಕರೆಸುತ್ತಾರೆ. ಅವರು ಬಂದು, ಹೊಳೆಯುವ ಐದನೆಯ ನಂಬರಿನ ರಂಧಾವನ್ನು ಬೆಳಕಿಗೆ ಹಿಡಿದು, ಅಲಗಿನ ಮೇಲೆ ಹೆಬ್ಬೆರಳು ಆಡಿಸಿ, “ಭಾಳ ಚಂದ ಮಾಡೀರಿ ಸಾಹೇಬ್ರ, ಮದುವಿ ಮನ್ಯಾಗ ಇಡಬೇಕು” ಎಂದು ಹೇಳಿ ತಮ್ಮ ಚೀಲದಿಂದ ಎಣ್ಣೆ ಜಿಡ್ಡಿನ ಕಪ್ಪು ರಂಧಾ ತೆಗೆದು ಎರಡು ನಿಮಿಷದಲ್ಲಿ ಬಾಗಿಲು ಕೂರಿಸಿ ಹೋಗುತ್ತಾರೆ. ನನ್ನ ವಾದದ ತಿರುಳು ಆ ಹೆಬ್ಬೆರಳಿನಲ್ಲಿದೆ. ಹರಿತವೆಂಬುದು ಉಕ್ಕಿನ ಎರಡು ಮೈ ಕೂಡುವ ಗೆರೆ. ಹಿಂಬದಿಯಲ್ಲಿ ಜಂಗು ತಿಂದ ಸಣ್ಣ ಕುಳಿ ಉಳಿದಿದ್ದರೆ, ಮುಂಬದಿಯನ್ನು ಎಷ್ಟೇ ಮಸೆದರೂ ಆ ಗೆರೆ ಅಲ್ಲಿ ಕಡಿದುಹೋಗುತ್ತದೆ. ರಂಧಾದಲ್ಲಿ ಅಲಗು ತನ್ನ ಪೀಠದ ಮೇಲೆ ಅಲುಗದೆ ಕೂತಿದೆಯೇ, ತಳದ ಬಾಯಿ ಸಪಾಟಾಗಿದೆಯೇ ಎಂಬುದು ಕಣ್ಣಿಗೆ ತಿಳಿಯುವುದಲ್ಲ. ತೆಳ್ಳನೆಯ ಮರದ ಸುರುಳಿ ಎಲ್ಲೂ ಹರಿಯದೆ ಹೊರಬಂದರೆ ರಿಪೇರಿ ಸರಿ, ಇಲ್ಲದಿದ್ದರೆ ತಪ್ಪು. ಆದ್ದರಿಂದ ಹತ್ಯಾರ ಬಳಸಿ ಎಂಬುದು ಭಾವುಕತೆಯ ಮಾತಲ್ಲ, ರಿಪೇರಿಯ ಏಕೈಕ ಪರೀಕ್ಷೆ. ಆ ಪರೀಕ್ಷೆಗೆ ಕೂರದ ಹತ್ಯಾರ, ಬಾಸಿಂಗ ಕಟ್ಟಿ ಹಂದರಕ್ಕೆ ಕರೆತರದ ಮದುಮಗನ ಹಾಗೆ.

ಪರಂಪರೆ ಉಳಿಯುವುದು ಹೇಗೆಂದು ಕಲಿಯಲು ಸಾಹೇಬರು ಹೊರದೇಶದ ಕಡೆ ನೋಡಬೇಕಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ 578ರ ಶಾಸನವಿದೆ. ಆ ಗುಹೆಯ ಒಳಗೆ ತಲೆಯೆತ್ತಿ ನೋಡಿದರೆ ತೊಲೆ, ಬೋದಿಗೆ ಎಲ್ಲವೂ ಇವೆ. ಇಡೀ ಗುಡ್ಡವೇ ಚಾವಣಿಯಾಗಿರುವಾಗ ಆ ತೊಲೆಗಳು ಹೊರಬೇಕಾದ ಭಾರವೇ ಇಲ್ಲ. ಮರದ ಕಟ್ಟಡ ಕಂಡ ಕಣ್ಣಿಗೆ ತೊಲೆಯಿಲ್ಲದ ಮಾಡು ಮಾಡೆನಿಸಲಿಲ್ಲ, ಅದಕ್ಕೇ ಕೊರೆದರು. ಐಹೊಳೆಯ ಲಾಡ್ ಖಾನ್ ಗುಡಿಯ ಇಳಿಜಾರು ಚಾವಣಿಯಲ್ಲಿ ಚಪ್ಪಡಿಗಳ ಸಂದಿನ ಮೇಲೆ ಮರದ ದಿಮ್ಮಿಯಂತೆಯೇ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಹೊದಿಸಿದ್ದಾರೆ. ಆ ಕಾಲದ ಬಡಿಗನ ಬಾಚಿ ಯಾವ ಷೋಕೇಸಿನಲ್ಲೂ ಇಲ್ಲ, ಅವನು ಕಟ್ಟಿದ ಮರದ ಮನೆಯೂ ಇಲ್ಲ. ಅವನ ಕೆಲಸದ ರೀತಿ ಮಾತ್ರ ಕಲ್ಲುಕುಟಿಗನ ಕೈಗೆ ದಾಟಿ ಇಂದಿಗೂ ನಿಂತಿದೆ. ಹತ್ಯಾರ ತೊಳೆಯುವುದರಲ್ಲಿ ಸಾಹೇಬರ ಮೂಲಪುರುಷನೂ ಐಹೊಳೆಯಲ್ಲೇ ಸಿಗುತ್ತಾನೆ. ಪರಶುರಾಮ ರಕ್ತದ ಕೊಡಲಿಯನ್ನು ಅಲ್ಲಿ ಮಲಪ್ರಭೆಯಲ್ಲಿ ತೊಳೆದನೆಂದು ಐತಿಹ್ಯ. ಆದರೆ ಅವನು ಕೊಡಲಿಯನ್ನು ಬಳಸಿದ ಮೇಲೆ ತೊಳೆದ, ಬಳಸುವ ಬದಲಿಗೆ ತೊಳೆಯಲಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಣ್ಣ ಎಂಬ ವಚನಕಾರ ಬಡಿಗರಿದ್ದಾರೆ. ಅವರ ಹೆಸರಿನಲ್ಲಿ ಬಾಚಿಯೊಂದೇ ಇಲ್ಲ, ಅದರ ಬೆನ್ನಿಗೆ ಕಾಯಕವಿದೆ. ಕೂಡಲಸಂಗಮದ ಹುನಗುಂದ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ಸೋಜಿಗ.

ಸಾಹೇಬರ ಪರವಾಗಿ ಹೇಳುವವರಿಗೂ ಉತ್ತರ ಕೊಡಬೇಕು. ಅವರು ಕೊಳ್ಳದಿದ್ದರೆ ಇದೆಲ್ಲ ಕುಲುಮೆಯಲ್ಲಿ ಕರಗಿ ಸರಳಾಗುತ್ತಿತ್ತಲ್ಲ ಎಂಬುದು ಮೊದಲ ಆಕ್ಷೇಪ. ಒಪ್ಪುತ್ತೇನೆ, ಉಕ್ಕನ್ನು ಉಳಿಸಿದ ಪುಣ್ಯ ಅವರದೇ. ಆದರೆ ಕುಲುಮೆಯಿಂದ ಬಿಡಿಸಿ ಗಾಜಿನಲ್ಲಿ ಕೂಡಿಟ್ಟರೆ ಅದು ಅರ್ಧ ಬಿಡುಗಡೆ. ಯಂತ್ರ ಬಂದಿರುವಾಗ ಕೈಹತ್ಯಾರಕ್ಕೆ ಕೆಲಸವೆಲ್ಲಿದೆ ಎಂಬುದು ಎರಡನೆಯದು. ಬನದ ಹುಣ್ಣಿಮೆಯಿಂದ ನಡೆಯುವ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳಷ್ಟೇ ಹೆಸರುವಾಸಿಯಾದದ್ದು ಬಾಗಿಲು, ಚೌಕಟ್ಟುಗಳ ಮಾರಾಟ. ಯಂತ್ರದಲ್ಲಿ ಕೊಯ್ದ ಬಾಗಿಲೂ ಮನೆಗೆ ಬಂದ ಮೇಲೆ ತಿರುಗಣಿ ಕೂರಿಸಲು ಉಳಿ ಕೇಳುತ್ತದೆ, ಚೌಕಟ್ಟಿಗೆ ಹೊಂದಲು ರಂಧಾ ಕೇಳುತ್ತದೆ. ಇಳಕಲ್ಲಿನ ಕುಣಿಮಗ್ಗದಲ್ಲಿ ಲಾಳಿಯ ಮೇಲೆ ಒಂದು ಸಿಬಿರು ಎದ್ದರೂ ರೇಷ್ಮೆಯ ಎಳೆ ಹರಿಯುತ್ತದೆ. ಅದನ್ನು ನಯ ಮಾಡುವುದು ಹರಿತ ಅಲಗಿನ ಕೆಲಸ. ಸರಕಾರವೇ ಹೊಸ ಹತ್ಯಾರ ಕೊಡಿಸುತ್ತಿದೆಯಲ್ಲ ಎಂದು ಮೂರನೆಯವರು ಕೇಳಬಹುದು. ಹೌದು, 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳವರಿಗೆ ಉಪಕರಣಕ್ಕೆಂದು 15,000 ರೂಪಾಯಿವರೆಗೆ ನೆರವಿದೆ, ಬಡಿಗರೂ ಅದರಲ್ಲಿದ್ದಾರೆ. ಆ ಹಣದಲ್ಲಿ ಡ್ರಿಲ್ಲು, ಕಟರು ಬರಲಿ. ಅದರ ಪಕ್ಕಕ್ಕೆ ಹದವಿರುವ ಒಂದು ಹಳೆಯ ಉಳಿ ಪುಕ್ಕಟೆ ಬಂದರೆ ಯಾವ ಬಡಿಗೇರರೂ ಒಲ್ಲೆ ಎನ್ನುವುದಿಲ್ಲ. ಇನ್ನು ಕೊನೆಯ ಮಾತು, ಹವ್ಯಾಸಕ್ಕೆ ಲಾಭನಷ್ಟದ ಲೆಕ್ಕ ಕೇಳಬಾರದು ಎಂಬುದು. ನಿಜ, ಅಂಚೆಚೀಟಿ ಕೂಡಿಸಿದವನಿಗೆ ಪತ್ರ ಬರೆ ಎಂದು ಯಾರೂ ಹೇಳುವುದಿಲ್ಲ. ಆದರೆ ಅವನು ಮನೆಗೆ ಬಂದವರಿಗೆಲ್ಲ ‘ಪತ್ರ ಬರೆಯುವ ಸಂಸ್ಕೃತಿ ಸತ್ತಿತು’ ಎಂದು ಚಹಾ ಆರುವವರೆಗೆ ಭಾಷಣ ಮಾಡಿದರೆ, ಒಂದು ಕಾರ್ಡು ಬರೆ ಎಂದು ಹೇಳುವ ಹಕ್ಕು ಕೇಳಿದವರಿಗೆ ಬರುತ್ತದೆ.

ಆದ್ದರಿಂದ ತೀರ್ಪು ಹೀಗೆ: ಹತ್ಯಾರ ಸಾಹೇಬರು ನಮ್ಮ ಸಂಗ್ರಾಹಕರಲ್ಲೆಲ್ಲ ವಾಸಿಯಾಗಬಲ್ಲ ರೋಗಿ. ಕಣ್ಣಿದೆ, ತಾಳ್ಮೆಯಿದೆ, ರಸಾಯನಶಾಸ್ತ್ರ ಗೊತ್ತಿದೆ, ಗ್ರಾನೈಟ್ ತುಂಡೂ ಇದೆ. ಕೊರತೆ ಕಡೆಯ ಅರ್ಧ ತಾಸಿನ ಮಸೆತದ್ದು ಮತ್ತು ಒಂದು ಮೊಳ ಬೇವಿನ ಹಲಗೆಯದ್ದು. ಗ್ರೈಂಡರನ್ನು ಬದಿಗಿಟ್ಟು ಮಸೆಗಲ್ಲು ಹಿಡಿಯಲಿ, ಇಳಿಜಾರನ್ನು 25 ಡಿಗ್ರಿಗೆ ತಂದು ತುದಿಯನ್ನು 30ಕ್ಕೆ ಮಸೆಯಲಿ, ಬಡಿಗೇರರ ಅಕ್ಷರ ಎಲ್ಲಿದೆಯೋ ಅಲ್ಲಿ ಕೈ ತಡೆಯಲಿ. ಎರಡೆರಡು ಇರುವುದರಲ್ಲಿ ಒಂದನ್ನು ಖಂಡೇನವಮಿಗೆ ಕುಂಕುಮ ಹಚ್ಚಿ, ಮರುದಿನ ಕೆಲಸ ಮಾಡುವ ಒಬ್ಬ ಬಡಿಗೇರರ ಕೈಗೆ ಕೊಡಲಿ. ಅವರು ತೋರಿಸಿಕೊಟ್ಟಂತೆ ಷೋಕೇಸಿನ ಬಾಗಿಲನ್ನು ತಾವೇ ಕೆರೆಯಲಿ. ಓದುಗರಲ್ಲೂ ಒಂದು ಬಿನ್ನಹ: ನಿಮ್ಮ ಅಟ್ಟದಲ್ಲಿ ಅಜ್ಜನ ಬಾಚಿ, ಉಳಿ ಇದ್ದರೆ ಗುಜರಿಗೆ ಹಾಕಬೇಡಿ, ಗೋಡೆಗೂ ತೂಗಬೇಡಿ. ಹರಿತ ಮಾಡಿಸಿ, ಕೆಲಸಕ್ಕೆ ಹಚ್ಚಿ. ದಿನಾ ಕೈ ಆಡಿಸಿ ಎಣ್ಣೆ ಒರೆಸುವ ಕಬ್ಬಿಣಕ್ಕೆ ಜಂಗು ಹತ್ತುವುದಿಲ್ಲ.