ಮೀನಿನ ತೊಟ್ಟಿಗೊಂದು ಡ್ರಿಪ್ಪು

ವೈಟ್‌ಫೀಲ್ಡಿನಲ್ಲಿ ನಮ್ಮ ಕಾಂಪೌಂಡು ಗೋಡೆ ಎದೆಮಟ್ಟಕ್ಕಿದೆ, ಹರಟೆಗೆ ಹೇಳಿ ಮಾಡಿಸಿದ ಎತ್ತರ. ಆಚೆ ಕಡೆಯ ಸಾಫ್ಟ್‌ವೇರ್ ಹುಡುಗ ಮನೆಯ ಹಾಲ್‌ನಲ್ಲಿ ಕಡಲು ಸಾಕಿದ್ದಾನೆ. ಟ್ಯಾಂಕರ್ ನೀರನ್ನು ಆರ್‌ಓಗೆ ಹಾಯಿಸಿ, ಪ್ಯಾಕೆಟ್ ಉಪ್ಪು ಕದಡಿ ಮಾಡಿದ ಕಡಲು. ಅದರೊಳಗೆ ಎರಡು ಕ್ಲೌನ್ ಮೀನು, ಒಂದಿಷ್ಟು ಕಲ್ಲು.

"ಅಂಕಲ್, ಡೋಸರ್ ತರಿಸಿದೆ. ಫಾಸ್ಫೇಟ್ ಕಂಟ್ರೋಲಿಗೆ" ಅಂದ. ನನ್ನ ಕಿವಿ ನಿಮಿರಿತು. ಪೀಣ್ಯದ ಪೌಡರ್ ಕೋಟಿಂಗ್ ಶಾಪಿನಲ್ಲಿ ನಾನು ಜೀವಮಾನವೆಲ್ಲ ಮಾಡಿದ್ದು ಅದರ ತದ್ವಿರುದ್ಧ. ಪೇಂಟು ಹಿಡೀಲಿ, ತುಕ್ಕು ಬರದಿರಲಿ ಅಂತ ತಗಡನ್ನು ಫಾಸ್ಫೇಟಿನ ತೊಟ್ಟಿಯಲ್ಲಿ ಅದ್ದಿ ತೆಗೆಯೋದು. ತೊಳೆದ ನೀರಿಗೆ ಸುಣ್ಣ ಹಾಕಿ ಗಸಿ ಇಳಿಸೋದು.

ಇವನ ಸುಣ್ಣದ ಹೆಸರು ಲ್ಯಾಂಥನಮ್ ಕ್ಲೋರೈಡ್. ಪುಟ್ಟ ಪಂಪು ರಬ್ಬರ್ ಕೊಳವೆಯನ್ನು ರೋಲರಿನಿಂದ ಒತ್ತಿ ಒತ್ತಿ, ಆಸ್ಪತ್ರೆಯ ಡ್ರಿಪ್ಪಿನ ಹಾಗೆ ತೊಟ್ಟು ತೊಟ್ಟಾಗಿ ಬಿಡುತ್ತದೆ. ಫಾಸ್ಫೇಟನ್ನು ಹಿಡಿದುಕೊಂಡು ಬಿಳಿ ಪುಡಿಯಾಗುತ್ತದೆ, ಬಟ್ಟೆಯ ಫಿಲ್ಟರು ಅದನ್ನು ತಡೆಯುತ್ತದೆ. ಒಂದೇ ಸಲ ಸುರಿದರೆ ಪುಡಿ ಕಿವಿರಿಗೆ ಮೆತ್ತಿ ಮೀನಿಗೆ ಉಸಿರು ಕಟ್ಟೀತು. ಅದಕ್ಕೇ ಈ ನಿಧಾನ.

"ಎಷ್ಟಕ್ಕೆ ಇಳಿಸ್ತೀಯಪ್ಪ?"

"ಲೀಟರಿಗೆ 0.03 ಮಿಲಿಗ್ರಾಂ."

ನಮ್ಮಲ್ಲಿ ಲೀಟರಿಗೆ ಗ್ರಾಂ ಲೆಕ್ಕ! ಇವನ ಈ 0.03 ಹವಳ ಸಾಕುವವರ ಅಳತೆ. ನಮ್ಮ ದೇಶದಲ್ಲಿ ಬಂಡೆ ಕಟ್ಟುವ ಹವಳ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಮನೆಯಲ್ಲಿಡೋ ಹಾಗಿಲ್ಲ. ಬರೀ ಮೀನಿಗೆ ಇಷ್ಟು ಮಡಿ ಯಾಕೆ ಅಂದೆ. ಕಲ್ಲಿಗೆ ಕೂದಲು ಕೂದಲು ಪಾಚಿ ಬರುತ್ತಂತೆ. ಅದು ನಿಜ. ಆದರೆ ಟೆಸ್ಟ್ ಮಾಡಿದಾಗ ಫೋನಿನಲ್ಲಿ ಸಂಖ್ಯೆ ಇಳಿದದ್ದು ನೋಡುವಾಗ ಅವನ ಮುಖದಲ್ಲಿ ಕಾಣೋ ಸುಖಕ್ಕೂ ಪಾಚಿಗೂ ಸಂಬಂಧ ಇಲ್ಲ.

"ದಿನಾ ಟೆಸ್ಟ್ ಮಾಡ್ತೀಯಾ?"

"ಆಟೋಮ್ಯಾಟಿಕ್ ಅಲ್ವಾ ಅಂಕಲ್..."

ಇಲ್ಲೇ ನನಗೆ ರೇಗೋದು. ಪಂಪಿಗೆ ಗೊತ್ತಿರೋದು ಗಡಿಯಾರ ಮಾತ್ರ, ನೀರಿನ ರುಚಿ ಅಲ್ಲ. ನಮ್ಮ ಶಾಪಿನಲ್ಲಿ ಬೆಳಗ್ಗೆ ಮೊದಲ ಕೆಲಸ ಪಾಯಿಂಟ್ ನೋಡೋದು. ತೊಟ್ಟಿಯಿಂದ 10 ಎಂಎಲ್ ತೆಗೆದು, ಬ್ಯೂರೆಟ್ಟಿನಿಂದ ಕಾಸ್ಟಿಕ್ ಇಳಿಸಿ, ಗುಲಾಬಿ ಬಣ್ಣ ತಿರುಗಿದಾಗ ನಿಲ್ಲಿಸಿ, ಆಮೇಲೆ ಕೆಮಿಕಲ್ಲಿನ ಕ್ಯಾನಿಗೆ ಕೈ.

ಮಾತು ವರ್ತೂರು ಕೆರೆಗೆ ಹೋಯಿತು, ಈ ಭಾಗದಲ್ಲಿ ಎಲ್ಲ ಮಾತೂ ಅಲ್ಲಿಗೇ ಹೋಗೋದು. 2015ರ ಹೊತ್ತಿಗೆ ಕೋಡಿಯಿಂದ ನೊರೆ ಎದ್ದು ರಸ್ತೆಗೆ ಹಾರುತ್ತಿತ್ತಲ್ಲ, ಅದೂ ಫಾಸ್ಫೇಟೇ ಅಂದ. ಅಲ್ಲ ಕಣಪ್ಪ, ನೊರೆ ಕಟ್ಟೋದು ಸೋಪಿನಪುಡಿಯ ಸರ್ಫ್ಯಾಕ್ಟೆಂಟು. ಕೊಳಚೆಯ ಜೊತೆ ಬರೋ ಫಾಸ್ಫೇಟು ಅಂತರಗಂಗೆಗೆ ಗೊಬ್ಬರ. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದು, 2018ರ ಜನವರಿಯಲ್ಲಿ ಆರಿಸೋಕೆ ಸೈನಿಕರು ಬರಬೇಕಾಯಿತಲ್ಲ, ಆ ನೀರೇ ವರ್ತೂರಿಗೆ ಇಳಿದು, ದಕ್ಷಿಣ ಪಿನಾಕಿನಿ ಸೇರಿ, ಕಡಲೂರಿನ ಹತ್ತಿರ ನಿಜವಾದ ಕಡಲಿಗೆ ಬೀಳೋದು. ಅಲ್ಲಿಗೊಂದು ಡೋಸರ್ ಇಡೋರು ಯಾರು?

"ಸರಿ, ನಿನ್ನ ಕಡಲಿಗೆ ಫಾಸ್ಫೇಟ್ ಎಲ್ಲಿಂದ ಬರುತ್ತೆ? ಆರ್‌ಓ ನೀರಲ್ವಾ?"

ಹುಡುಗ ದನಿ ತಗ್ಗಿಸಿದ. "ಫುಡ್ಡಿಂದ. ನಾನು ದಿನಕ್ಕೊಂದು ಚಿಟಿಕೆ ಹಾಕ್ತೀನಿ. ಅಮ್ಮ ಪೂಜೆ ಮುಗಿಸಿ ಒಂದು ಸಲ, ಊಟ ಆದ್ಮೇಲೆ ಒಂದು ಸಲ, ಸೀರಿಯಲ್ ಮಧ್ಯೆ ಅಡ್ವರ್ಟೈಸ್‌ಮೆಂಟ್ ಬಂದಾಗ ಇನ್ನೊಂದು ಸಲ. ಬಾಯಿ ಬಾಯಿ ಬಿಡ್ತಾವೆ, ಪಾಪ ಅಂತಾರೆ."

"ಡಬ್ಬಿ ಬಚ್ಚಿಡೋ! ಡೋಸರ್‌ಗಿಂತ ಅಗ್ಗ."

"ನೀವೇ ಹೇಳಿ ಅಂಕಲ್ ಅಮ್ಮಂಗೆ. ನಿಮ್ಮ ಮಾತು ಕೇಳ್ತಾರೆ."

ನಾನಾ? ಆಯಮ್ಮ ತಿಂಗಳಿಗೊಂದು ಸಲ ಈ ಗೋಡೆ ಮೇಲಿಂದ ಹುಳಿಪುಡಿ ದಾಟಿಸ್ತಾರೆ. ಇನ್ನೂ ಒಂದು ಬಾಟಲಿ ಲ್ಯಾಂಥನಮ್ ತರಿಸ್ಕೋ ಹೋಗು ಅಂದೆ.