ಫಿನಿಶಿಂಗ್ ಒಂದು ಬಾಕಿ

ಪ್ರತಿ ಬಡಾವಣೆಯಲ್ಲೂ ಇಂಥವರು ಒಬ್ಬರಿರುತ್ತಾರೆ. ಇವರ ಕೆಲಸ ಯಾವಾಗ ಕೇಳಿದರೂ ಮುಗಿದೇ ಇರುತ್ತದೆ, ಫಿನಿಶಿಂಗ್ ಒಂದು ಬಾಕಿ ಇರುತ್ತದೆ. ಗೃಹಪ್ರವೇಶದ ಹೋಳಿಗೆ ತಿಂದವರಿಗೆ ಬಿಳಿಗೂದಲು ಬಂದಿರುತ್ತದೆ, ಮಹಡಿ ಮೆಟ್ಟಿಲಿಗೆ ಕಂಬಿ ಬಂದಿರುವುದಿಲ್ಲ. ಮಗಳ ಮದುವೆಯ ಆಲ್ಬಂ ತಂದಿಟ್ಟಿರುತ್ತಾರೆ, ಮೊಮ್ಮಗು ಶಾಲೆಗೆ ಸೇರಿದರೂ ಫೋಟೋ ಅಂಟಿಸಿರುವುದಿಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿ ಈ ಕುಲದ ಹಿರಿಯರೆಂದರೆ ನಮ್ಮ ಪಕ್ಕದ ಮನೆಯ ರಾಯರು. ಅವರ ಬಾಕಿ ಒಂದು ಹಾಯಿಹಡಗು.

ರಾಯರು ನೀರಾವರಿ ಇಲಾಖೆಯಲ್ಲಿ ಎಕ್ಸಿಕ್ಯೂಟಿವ್ ಎಂಜಿನಿಯರಾಗಿ ನಿವೃತ್ತರಾದವರು. ಜೀವಮಾನವೆಲ್ಲ ನೀರಿನ ಜೊತೆ ಒಡನಾಟ, ಅಷ್ಟೂ ದಡದ ಮೇಲಿನಿಂದ. ಕಾರಂಜಿ ಕೆರೆಯ ದೋಣಿಗೆ ಮೊಮ್ಮಗ ಕರೆದರೆ ‘ನನಗೆ ಬಿ.ಪಿ. ಇದೆಯಪ್ಪ’ ಎಂದು ಕಡಲೆಕಾಯಿ ಕೊಂಡು ಬೆಂಚಿನ ಮೇಲೆ ಕೂರುತ್ತಾರೆ. ಸೇವೆಯಲ್ಲಿದ್ದಷ್ಟು ಕಾಲ ಅವರ ಎಲ್ಲ ಕಾಮಗಾರಿಗಳೂ ಮಾರ್ಚ್ 31ಕ್ಕೆ ಮುಗಿದುಬಿಡುತ್ತಿದ್ದವು. ಎಷ್ಟೋ ನಾಲೆಗಳಿಗೆ ನೀರಿಗಿಂತ ಮೊದಲು ಕಂಪ್ಲೀಶನ್ ರಿಪೋರ್ಟ್ ಹರಿದು ಬಂದಿತ್ತು ಎಂದು ಅವರೇ ನಗುತ್ತಾ ಹೇಳುತ್ತಾರೆ.

ಇಂಥ ರಾಯರಿಗೆ ಹಡಗಿನ ಹುಚ್ಚು ಹಿಡಿದದ್ದು ಸ್ಟಾಕ್‌ಹೋಮಿನಲ್ಲಿ. ಮಗಳು, ಅಳಿಯ ಇಬ್ಬರೂ ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಬೇಸಿಗೆಯಲ್ಲಿ ಹೋದ ಅಪ್ಪನನ್ನು ಮಗಳು ವಾಸಾ ಮ್ಯೂಸಿಯಮ್ಮಿಗೆ ಕರೆದೊಯ್ದಳು. ಬಾಗಿಲು ಮುಚ್ಚುವ ಹೊತ್ತಿಗೆ ಅಲ್ಲಿನವರು ಬಂದು ವಿನಯದಿಂದ ಎಬ್ಬಿಸಿ ಕಳಿಸಿದರಂತೆ.

ರಾಯರು ಮನಸೋತದ್ದು ಹಡಗಿನ ಚೆಲುವಿಗಿಂತ ಹೆಚ್ಚಾಗಿ ಅದರ ಫೈಲಿಗೆ. 1628ರ ಆಗಸ್ಟ್ 10ರಂದು ಸ್ವೀಡನ್ನಿನ ದೊರೆ ಎರಡನೇ ಗುಸ್ತಾವ್ ಅಡಾಲ್ಫನ ಹೊಚ್ಚಹೊಸ ಯುದ್ಧನೌಕೆ ವಾಸಾ 64 ಫಿರಂಗಿ ಹೊತ್ತು ಮೊದಲ ಯಾನಕ್ಕೆ ಹೊರಟಿತು. ಸುಮಾರು 1,300 ಮೀಟರ್ ಹೋಯಿತು. ಗಾಳಿ ಬೀಸಿತು, ಮೇಲ್ಭಾರದ ಹಡಗು ವಾಲಿತು, ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ದಡದಲ್ಲಿ ನೆರೆದಿದ್ದ ಊರಿನವರ ಕಣ್ಣೆದುರೇ ಮುಳುಗಿತು. ರಾಯರ ಬೆಳಗಿನ ವಾಕಿಂಗ್ ಇದಕ್ಕಿಂತ ಉದ್ದ. ಹೊರಡುವ ಮುಂಚೆ 30 ಜನರನ್ನು ಹಡಗಿನ ಮೇಲೆ ಈ ಬದಿಯಿಂದ ಆ ಬದಿಗೆ ಓಡಿಸಿ ಪರೀಕ್ಷೆಯನ್ನೂ ಮಾಡಿದ್ದರು. ಮೂರನೇ ಓಟಕ್ಕೆ ಹಡಗು ತೊನೆದ ರೀತಿ ಕಂಡು ನೌಕಾಧಿಪತಿ ಗಾಬರಿಯಾಗಿ ಪರೀಕ್ಷೆಯನ್ನು ನಿಲ್ಲಿಸಿಬಿಟ್ಟ, ಹಡಗನ್ನು ನಿಲ್ಲಿಸಲಿಲ್ಲ.

“ಆಮೇಲೆ ವಿಚಾರಣೆ ಆಯ್ತು ಸ್ವಾಮಿ,” ಎನ್ನುವಾಗ ರಾಯರ ಕಣ್ಣು ಮಿನುಗುತ್ತದೆ. “ಅಳತೆಗೆ ಸ್ವತಃ ದೊರೆಯದೇ ಒಪ್ಪಿಗೆ. ಕಟ್ಟಿದ ಮೇಸ್ತ್ರಿ ಹಿಂದಿನ ವರ್ಷವೇ ತೀರಿಕೊಂಡಿದ್ದ. ಕೊನೆಗೆ ಒಬ್ಬನಿಗೂ ಶಿಕ್ಷೆ ಇಲ್ಲ! ಓದುತ್ತಾ ಇದ್ರೆ ನಮ್ಮ ಹೆಡ್ಡಾಫೀಸಿನವರೇ ಡ್ರಾಫ್ಟ್ ಮಾಡಿಕೊಟ್ಟ ಹಾಗಿದೆ.” ನೀರಿನಡಿ 333 ವರ್ಷ ಮಲಗಿದ್ದ ಆ ಹಡಗನ್ನು 1961ರಲ್ಲಿ ಮೇಲೆತ್ತಿದರು. ಮುಚ್ಚಿದ ಫೈಲನ್ನು ಹೀಗೆ ಮತ್ತೆ ತೆರೆಯುವುದು ಒಳ್ಳೆಯ ಪದ್ಧತಿಯಲ್ಲ ಎಂಬುದೊಂದೇ ಸ್ವೀಡನ್ನಿನ ಮೇಲೆ ರಾಯರಿಗಿರುವ ತಕರಾರು.

ಮಗಳು ವಾಸಾದ ಮರದ ಮಾದರಿಯ ಕಿಟ್ ಕೊಡಿಸಿದಳು, 1:75ರ ಅಳತೆಯದು. 69 ಮೀಟರಿನ ಹಡಗು ಊಟದ ಮೇಜಿನ ಮೇಲೆ ಮೂರಡಿಯಾಗಿ ನಿಲ್ಲುತ್ತದೆ. ಪಕ್ಕೆಲುಬು ಕೂಡಿಸಿ, ಪಟ್ಟಿ ಬಗ್ಗಿಸಿ ಒಡಲು ಕಟ್ಟುವ ಕೆಲಸ ರಾಯರಿಗೆ ಲೀಲಾಜಾಲ. ಮುಂದಿನ ಯುಗಾದಿಯ ಹೊತ್ತಿಗೆ ಬೀದಿಗೆಲ್ಲ ಕೇಳುವಂತೆ ಘೋಷಿಸಿದರು: “ಹಡಗು ಮುಗೀತು. ಫಿನಿಶಿಂಗ್ ಒಂದು ಬಾಕಿ.” ರಾಯರ ಹೆಂಡತಿ ದಸರಾ ಬೊಂಬೆಯ ಮೆಟ್ಟಿಲುಗಳಲ್ಲಿ ಹಡಗಿಗೊಂದು ಜಾಗ ಬಿಟ್ಟರು. ಆ ಜಾಗದಲ್ಲಿ ಆ ವರ್ಷ ಒಂದು ಹೂಜಿ ಕೂತಿತು. ಮರುವರ್ಷವೂ ಹೂಜಿ. ಅಸಲಿ ವಾಸಾ ಕಟ್ಟಲು ಹಿಡಿದದ್ದು ಸುಮಾರು ಎರಡು ವರ್ಷ. ರಾಯರ ಫಿನಿಶಿಂಗ್ ಆ ದಾಖಲೆಯನ್ನು ಸದ್ದಿಲ್ಲದೆ ಮುರಿಯಿತು.

ಬಣ್ಣದಿಂದಲೇ ಶುರು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಹಡಗಿನ ಹಿಂಬದಿ ಅಚ್ಚ ನೀಲಿ. ರಾಯರು ಮೂರು ಕೋಟು ನೀಲಿ ಬಳಿದರು. ಒಣಗಿದ ಮೇಲೆ ಮಗಳು ಕಳಿಸಿದ ಪುಸ್ತಕ ಬಂತು. ಮೇಲೆತ್ತಿದ ಕೆತ್ತನೆಗಳಲ್ಲಿ ಅಂಟಿಕೊಂಡಿದ್ದ ಬಣ್ಣದ ಕಣಗಳನ್ನು ಪರೀಕ್ಷಿಸಿದವರು, ಬಹುಕಾಲ ನೀಲಿ ಎಂದು ತಿಳಿದಿದ್ದ ಹಿನ್ನೆಲೆ ನಿಜವಾಗಿ ಕೆಂಪಾಗಿತ್ತು ಎಂದು ಕಂಡುಕೊಂಡಿದ್ದರು. ಬೇರೆಯವರಾಗಿದ್ದರೆ ಪುಸ್ತಕ ಮುಚ್ಚಿಡುತ್ತಿದ್ದರು. ರಾಯರು ಸ್ಯಾಂಡ್ ಪೇಪರ್ ತಂದರು.

“ಹೋಗಲಿ ಬಿಡಿ ರಾಯರೇ, ನಮ್ಮೂರಲ್ಲಿ ಯಾರಿಗೆ ಗೊತ್ತಾಗುತ್ತೆ?” ಅಂದೆ.

“ಸರ್ವಿಸಿನಲ್ಲಿ ಇದ್ದಷ್ಟು ದಿನ ಎಲ್ಲರೂ ನನಗೆ ಇದನ್ನೇ ಹೇಳಿದ್ದು,” ಎಂದು ಉಜ್ಜತೊಡಗಿದರು.

ಆಮೇಲೆ ಸಿಂಹ. ವಾಸಾದ ಮೂತಿಯಲ್ಲಿ ಸುಮಾರು ಮೂರು ಮೀಟರಿನ ಹಾರುವ ಸಿಂಹವಿದೆ. ರಾಯರ ಹಡಗಿನಲ್ಲಿ ಅದು ನಾಲ್ಕು ಸೆಂಟಿಮೀಟರ್. ಅದಕ್ಕೆ ಚಿನ್ನದ ಬಣ್ಣ ಬಳಿದರೆ ಹಿತ್ತಾಳೆಯಂತೆ ಕಾಣುತ್ತದೆಂದು, ಮೈಸೂರು ಶೈಲಿಯ ಚಿತ್ರ ಬರೆಯುವ ಕಲಾವಿದರೊಬ್ಬರ ಬಳಿ ಒಯ್ದರು. ಮಕ್ಕಿ ಸಫೇದದ ಉಬ್ಬುಗೆರೆಯ ಮೇಲೆ ಚಿನ್ನದ ರೇಕು ಕೂರಿಸಿ ರಾಮಪಟ್ಟಾಭಿಷೇಕ ಬರೆದ ಕೈ ಅದು. ಅವರು ಸಿಂಹವನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, “ವಾಹನ ತಂದಿದ್ದೀರಿ, ದೇವಿ ಎಲ್ಲಿ?” ಎಂದರು. ಇದು ಸ್ವೀಡನ್ನಿನ ದೊರೆಯ ಸಿಂಹ, ಇದರ ಮೇಲೆ ಯಾರೂ ಕೂರುವುದಿಲ್ಲ ಎಂದು ರಾಯರು ವಿವರಿಸಿದರು. ರೇಕು ಸೊಗಸಾಗಿ ಕೂತಿತು. ಅಭ್ಯಾಸಬಲದಿಂದ ಕಲಾವಿದರು ಸಿಂಹದ ಹಣೆಗೆ ಒಂದು ಚುಕ್ಕೆ ಕುಂಕುಮವನ್ನೂ ಇಟ್ಟಿದ್ದರು. ಅದನ್ನು ಕೆರೆಯಲು ಹೊರಟ ರಾಯರನ್ನು ಹೆಂಡತಿ ತಡೆದರು: “ಇಟ್ಟ ಕುಂಕುಮ ಅಳಿಸ್ತಾರೇನ್ರೀ?” ಹೀಗೆ ಲೂಥರನ್ ದೊರೆಯ ಸಿಂಹ ಇವತ್ತಿಗೂ ಹಣೆಗಿಟ್ಟುಕೊಂಡೇ ಹಡಗನ್ನು ಮುನ್ನಡೆಸುತ್ತಿದೆ. ಭೂತಗನ್ನಡಿ ಹಿಡಿದರೆ ಕಾಣುತ್ತದೆ. ರಾಯರು ಭೂತಗನ್ನಡಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ.

ಹಗ್ಗದ ಕೆಲಸ ಬಂದಾಗ ಊಟದ ಮೇಜು ಪೂರ್ತಿ ಬಂದರಾಗಿ, ಮನೆಯವರ ಊಟ ನೆಲಕ್ಕಿಳಿಯಿತು. ಹಾಯಿಕಂಬವನ್ನು ಎರಡೂ ಬದಿಯಿಂದ ಬಿಗಿದು ನಿಲ್ಲಿಸುವ ಹಗ್ಗಗಳು ಡಾಂಬರು ಕಂಡ ಕಪ್ಪು; ಹಾಯಿ ಏರಿಸಿ ಇಳಿಸುವ ಹಗ್ಗಗಳು ನಾರಿನ ಕಂದು. ಕಪ್ಪು ಹಗ್ಗಗಳ ನಡುವೆ ಅಡ್ಡಡ್ಡ ದಾರ ಕಟ್ಟಿ ಏಣಿ ಮಾಡಬೇಕು. ನಾವಿಕರು ಮೇಲೇರುವುದು ಅದರಲ್ಲೇ. ಮೆಟ್ಟಿಲಿಂದ ಮೆಟ್ಟಿಲಿಗೆ ಈ ಅಳತೆಯಲ್ಲಿ ಅರ್ಧ ಸೆಂಟಿಮೀಟರ್. ದಾರ ದಾರ ಕೂಡುವಲ್ಲೆಲ್ಲ ಕ್ಲೋವ್ ಹಿಚ್ ಎಂಬ ಗಂಟು. ಜುಂಗು ಏಳದಂತೆ ಪ್ರತಿ ಎಳೆಯನ್ನೂ ಮೊದಲು ಜೇನುಮೇಣದ ಮೇಲೆ ಎಳೆಯಬೇಕು. ರಾಯರು ಇದಕ್ಕೆ ಮೆಷರ್‌ಮೆಂಟ್ ಬುಕ್ ಇಟ್ಟರು. ‘ಎಡಬದಿ, ನಡುಗಂಬ, ಗಂಟು 46, ತಿರಸ್ಕೃತ 9’ ಎಂದು ದಿನದಿನದ ದಾಖಲೆ. ಇಲಾಖೆಯಲ್ಲಿದ್ದಾಗ ಯಾವ ಕಂಟ್ರಾಕ್ಟರನ ಕೆಲಸವನ್ನೂ ತಿರಸ್ಕರಿಸದ ಕೈ ಈಗ ತನ್ನದೇ ಗಂಟುಗಳನ್ನು ಕತ್ತರಿಸಿ ಎಸೆಯುತ್ತಿತ್ತು. ಗಡುವು ಮೀರಿದಾಗ ಎಕ್ಸ್‌ಟೆನ್ಶನ್ ಕೋರಿ ತಾವೇ ಅರ್ಜಿ ಬರೆದು, ಕಾರಣ ಸಮರ್ಪಕವಾಗಿಲ್ಲವೆಂದು ತಾವೇ ಒಮ್ಮೆ ಹಿಂತಿರುಗಿಸಿ, ಆಮೇಲೆ ಮಂಜೂರು ಮಾಡುತ್ತಿದ್ದರು.

ಏಪ್ರಿಲ್ಲಿನ ಸೆಕೆಯಲ್ಲಿ ಬರಿಮೈಯಲ್ಲಿ ಬಗ್ಗಿ ಕೂತಿದ್ದ ಒಂದು ಮಧ್ಯಾಹ್ನ, ಜನಿವಾರದ ಎಳೆಯೊಂದು ಹಗ್ಗದ ಸಾಲಿಗೆ ಸೇರಿ ಅಚ್ಚುಕಟ್ಟಾಗಿ ಗಂಟುಬಿತ್ತು. ಊಟಕ್ಕೆ ಎದ್ದ ರಾಯರ ಹಿಂದೆ ಹಡಗೂ ಎದ್ದಿತು. ವಾಸಾ ಎರಡನೇ ಸಲ ಯಾನ ಹೊರಟದ್ದು ಅಂದೇ. ಈ ಬಾರಿ ಒಂದಡಿ. ಕತ್ತರಿಸುವುದೋ ಬಿಡಿಸುವುದೋ ಎಂಬ ಧರ್ಮಸಂಕಟದಲ್ಲಿ ರಾಯರು ಮುಕ್ಕಾಲು ಗಂಟೆ ಹಾಗೇ ನಿಂತಿದ್ದರು. ಹೆಂಡತಿ ಸೂಜಿ ತಂದು ಬಿಡಿಸಿಕೊಟ್ಟರು. ಪುಸ್ತಕದಲ್ಲಿ ಆ ದಿನದ ನಮೂದು: ‘ಗಂಟು 31, ತಿರಸ್ಕೃತ 1, ಗುಣಮಟ್ಟ ಅತ್ಯುತ್ತಮ’.

ಹಾಯಿಯದು ಬೇರೆ ಕಥೆ. ಬಟ್ಟೆ ಬೆಳ್ಳಗಿದ್ದರೆ ಆಟಿಕೆಯಂತೆ ಕಾಣುತ್ತದೆ. ಆದ್ದರಿಂದ ಮಾದರಿ ಕಟ್ಟುವವರು ಅದನ್ನು ಟೀ ನೀರಿನಲ್ಲಿ ಅದ್ದಿ ಮಾಸಲು ಬಣ್ಣ ಬರಿಸುತ್ತಾರೆ. ರಾಯರ ಮನೆಯಲ್ಲಿ ಟೀ ಎಂದರೆ ಜ್ವರ ಬಂದಾಗ ಕುಡಿಯುವ ಔಷಧ. ಹಾಗಾಗಿ ಫಿಲ್ಟರಿನ ಮೊದಲ ಡಿಕಾಕ್ಷನ್ ಹಾಯಿಗೆ ಹೋಯಿತು, ಎರಡನೆಯದು ನೋಡಲು ಬಂದ ನಮಗೆ. ಚಿಕೋರಿಯಿಂದ ಬಣ್ಣ ಗಾಢವಾಯಿತೆಂದು ರಾಯರು ಅಚ್ಚ ಪೀಬೆರಿ ಪುಡಿ ತಂದರು. ನೆಂಟರಿಗೆಂದು ಅದನ್ನು ತಂದವರೇ ಅಲ್ಲ. ವಾಸಾಕ್ಕೆ ಒಟ್ಟು 10 ಹಾಯಿ. ಮುಳುಗಿದ ದಿನ ಬಿಚ್ಚಿದ್ದು ನಾಲ್ಕೇ. ಮಿಕ್ಕ ಆರು ಹಾಯಿಕೋಣೆಯಲ್ಲಿ ಮಡಿಸಿದಂತೆಯೇ ಸಿಕ್ಕವು. ರಾಯರೂ ನಾಲ್ಕನ್ನೇ ಕಟ್ಟಿದರು. ಮಿಕ್ಕ ಆರನ್ನೂ ಹೊಲಿದು, ಡಿಕಾಕ್ಷನ್ ಕುಡಿಸಿ, ಮಡಿಸಿ, ಯಾರ ಕಣ್ಣಿಗೂ ಬೀಳದ ಒಡಲೊಳಗೆ ತುರುಕಿ ಮುಚ್ಚಿದರು. “ಸ್ಟಾಕ್ ಟ್ಯಾಲಿ ಆಗಬೇಕಲ್ಲ!”

ಬಂದವರು ಹಡಗನ್ನು ಹೊಗಳುವುದಕ್ಕೂ ನಿಯಮಗಳಿದ್ದವು. ‘ಟೈಟಾನಿಕ್ಕಾ?’ ಎಂದವರಿಗೆ ಕಾಫಿ ಇಲ್ಲ. ‘ನೀರಿಗೆ ಬಿಟ್ಟರೆ ತೇಲುತ್ತಾ?’ ಎಂದರೆ “ಅದೂ ತೇಲಲಿಲ್ಲ” ಎಂಬ ಗಂಭೀರ ಉತ್ತರ. ಎರಡೂ ಬದಿ ಎಷ್ಟು ಸಮವಾಗಿದೆ ಎಂದು ನಾನು ಮೆಚ್ಚಿದ್ದಕ್ಕೆ ರಾಯರ ಮುಖ ಸಣ್ಣಗಾಯಿತು. ಅಸಲಿ ಹಡಗಿನಲ್ಲಿ ಕೆಲಸಗಾರರ ನಾಲ್ಕು ಅಳತೆಪಟ್ಟಿ ಸಿಕ್ಕಿವೆ. ಎರಡು 12 ಅಂಗುಲದ ಸ್ವೀಡಿಷ್ ಅಡಿಯವು, ಎರಡು 11 ಅಂಗುಲದ ಆಮ್‌ಸ್ಟರ್‌ಡ್ಯಾಮ್ ಅಡಿಯವು. ಹಾಗಾಗಿ ಅದರ ಎಡ ಬಲ ಒಂದೇ ಸಮ ಇಲ್ಲ. “ನನ್ನದು ಸಮ ಬಂದುಬಿಟ್ಟಿದೆ. ಏನು ಮಾಡೋಣ ಹೇಳಿ?” ಎಂದು ಕೈಚೆಲ್ಲಿದರು. ಕಿಂಡಿಗಳ ವಿಷಯದಲ್ಲೂ ನಿದ್ದೆಗೆಟ್ಟರು. ಮುಚ್ಚಳಗಳ ಒಳಮೈಯಲ್ಲಿ ಸಿಂಹದ ಮುಖಗಳಿವೆ. ಅವು ಕಾಣಬೇಕಾದರೆ ಕಿಂಡಿ ತೆರೆದಿರಬೇಕು. ತೆರೆದ ಕಿಂಡಿಯಿಂದಲೇ ನೀರು ನುಗ್ಗಿದ್ದು. ಕೊನೆಗೆ ಎಲ್ಲವನ್ನೂ ತೆರೆದೇ ಅಂಟಿಸಿ, ಮಳೆ ಬಂದರೆ ಕೋಣೆಯ ಕಿಟಕಿ ಹಾಕುವ ವ್ಯವಸ್ಥೆ ಮಾಡಿಕೊಂಡರು.

ಇಷ್ಟು ದಿನವೂ ರಾಯರ ಹೆಂಡತಿ ಹಡಗನ್ನು ಬಯ್ಯದ ದಿನವಿರಲಿಲ್ಲ. ಕಾಂಪೌಂಡಿನ ಆಚೆಯಿಂದ ನಮಗೆ ಸುಪ್ರಭಾತವೇ ಅದು. “ಮಗಳು ನನಗೊಂದು ಸವತಿ ಕಳಿಸಿದ್ದಾಳೆ. ಮೂರಡಿ ಉದ್ದ, ಮೈತುಂಬ ಚಿನ್ನ!”

ಹೋದ ದಸರೆಗೆ ವಾರವಿರುವಾಗ ನಂಬಲಾಗದ ಸಂಗತಿ ನಡೆಯಿತು. ರಾಯರು ಹಿಂಬದಿಯಲ್ಲಿ ಬಾವುಟ ಏರಿಸಿ, ಚಿಮುಟ ಕೆಳಗಿಟ್ಟು, ಕಂಪ್ಲೀಶನ್ ರಿಪೋರ್ಟಿಗೆ ರುಜು ಹಾಕಿದರು. ಬೀದಿಯಲ್ಲಿ ಮೈಸೂರುಪಾಕು ಹಂಚಿದರು.

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಬಂದರು.

ಮೊದಲ ದಿನ ಡಬ್ಬಿಗಳು ಎತ್ತರದ ಕ್ರಮದಲ್ಲಿ ನಿಂತವು, ಪ್ರತಿಯೊಂದಕ್ಕೂ ನಂಬರು ಬಿತ್ತು. ಒಗ್ಗರಣೆಗೆ ಬೇಕಾದದ್ದು 7, 12 ಮತ್ತು 19ರಲ್ಲಿ. ಎರಡನೇ ದಿನ, ಸಾರಿಗೆ ಹುಣಿಸೆಹಣ್ಣನ್ನು ಕಣ್ಣಂದಾಜಿನಲ್ಲಿ ಹಾಕುವುದು ಅವೈಜ್ಞಾನಿಕವೆಂದು ತಕ್ಕಡಿ ಬಂತು. ಮೂರನೇ ದಿನ ಕೆಲಸದ ಹೆಂಗಸಿಗೆ ಹಾಜರಿ ಪುಸ್ತಕ. ಕುಕ್ಕರಿನ ಮೂರನೇ ವಿಷಲ್ಲಿಗೂ ನಾಲ್ಕನೆಯದಕ್ಕೂ ನಡುವೆ ಎಷ್ಟು ಗ್ಯಾಸ್ ವ್ಯಯವಾಗುತ್ತದೆಂದು ಲೆಕ್ಕ ಹಾಕುತ್ತಾ ಒಲೆಯ ಪಕ್ಕ ಕುರ್ಚಿ ಹಾಕಿಕೊಂಡರು. ನಮ್ಮ ಮನೆಗೆ ಬಂದ ರಾಯರ ಹೆಂಡತಿ ಸುಮ್ಮನೆ ಕೂತು, ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿದು, ಸುಮ್ಮನೆ ಎದ್ದುಹೋದರು. ಆ ದಿನ ಅವರು ಹಡಗನ್ನು ಬಯ್ಯಲಿಲ್ಲ.

ನವರಾತ್ರಿಯಲ್ಲಿ ಪಟ್ಟದ ಬೊಂಬೆಗಳ ಕೆಳಗೆ, ಶೆಟ್ಟರ ಅಂಗಡಿಯ ಪಕ್ಕ ವಾಸಾ ಲಂಗರು ಹಾಕಿತು. ಸಂಜೆ ಬೊಂಬೆ ನೋಡಲು ಮಕ್ಕಳು ಬಂದರು. ರಾಯರು ಕೋಲು ಹಿಡಿದು ಸಿಂಹ, ಕಿಂಡಿ, ಹಗ್ಗ ಎಂದು ವಿವರಿಸಿದರು. ಮೂಲೆಮನೆಯ ಹುಡುಗ ಹಡಗಿನ ಸುತ್ತ ಒಮ್ಮೆ ಬಗ್ಗಿ ನೋಡಿ ಕೇಳಿದ:

“ತಾತ, ಇಷ್ಟು ದೊಡ್ಡ ಹಡಗಲ್ಲಿ ಒಬ್ರೂ ಇಲ್ವಲ್ಲ? ಇದನ್ನ ಓಡಿಸೋರು ಯಾರು?”

ರಾಯರ ಕೋಲು ಗಾಳಿಯಲ್ಲೇ ನಿಂತಿತು. ತುಟಿ ಅಲುಗತೊಡಗಿತು. “ನಾವಿಕರು 145 ಜನ... ಹೊರಟ ದಿನ ಒಂದಷ್ಟು ದೂರ ಹೆಂಡತಿ ಮಕ್ಕಳನ್ನೂ ಕರ್ಕೊಂಡು ಹೋಗೋಕೆ ಅನುಮತಿ ಇತ್ತು... ಒಬ್ಬೊಬ್ಬರೂ ಎರಡು ಸೆಂಟಿಮೀಟರ್ ಚಿಲ್ಲರೆ... ಟೋಪಿ ಬೇರೆ...” ಕನ್ನಡಕ ಹುಡುಕುತ್ತಾ ಒಳಗೆ ಹೋದವರು ಮಂಗಳಾರತಿಗೂ ಹೊರಗೆ ಬರಲಿಲ್ಲ. ಎಸ್ಟಿಮೇಟ್ ತಯಾರಾಗುತ್ತಿತ್ತು.

ಬೊಂಬೆ ಬಾಗಿನವೆಂದು ಎಲ್ಲ ಮಕ್ಕಳಿಗೂ ಒಂದೊಂದು ಚಕ್ಕುಲಿ, ಒಂದೊಂದು ಕೊಬ್ಬರಿ ಮಿಠಾಯಿ ಸಿಕ್ಕಿತು. ಮೂಲೆಮನೆಯ ಹುಡುಗನ ಎರಡು ಜೇಬೂ ಉಬ್ಬಿದ್ದವು. ಗೇಟಿನ ಬಳಿ ತಡೆದು, “ಏನೋ, ಅಂಥ ಪ್ರಶ್ನೆ ನಿನಗೆ ಹೇಗೋ ಹೊಳೀತು?” ಎಂದೆ.

“ಅಜ್ಜಿ ಹೇಳಿಕೊಟ್ಟಿದ್ದು,” ಎಂದ ಚಕ್ಕುಲಿ ಕಡಿಯುತ್ತಾ. “ನಾಳೆ ಬಂದು, ಈ ಹಡಗಲ್ಲಿ ಅಡುಗೆಮನೆ ಎಲ್ಲಿದೆ ಅಂತ ಕೇಳ್ಬೇಕಂತೆ.”